ಅಗ್ಗದ ಜಿಪಿಎಸ್ ಸಾಲದೆ?

ಜಿಯೋಕ್ಯಾಷಿಂಗ್ ಎಂಬ ಆಟದ ವಿಷಯವನ್ನು ಹೊಸದಾಗಿ ಕೇಳಿದ ತರುಣರು ಮುಂದಿಡುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: "ಇದಕ್ಕೆ ಯಾವ ಜಿಪಿಎಸ್ ಯಂತ್ರವನ್ನು ಕೊಳ್ಳಬೇಕು?" ಪ್ರಶ್ನೆ ಸಹಜವಾದುದೇ. ಆದರೆ ಅದರ ಬೆನ್ನಿಗೆ ಒಂದು ನಂಬಿಕೆಯೂ ಅಂಟಿಕೊಂಡು ಬರುತ್ತದೆ. ಬೆಲೆ ಹೆಚ್ಚಾದಷ್ಟೂ ಯಂತ್ರವು ನಮ್ಮನ್ನು ಗುರಿಯ ಹತ್ತಿರಕ್ಕೆ ಕರೆದೊಯ್ಯುತ್ತದೆ, ಅಗ್ಗದ ಯಂತ್ರವು ದಾರಿ ತಪ್ಪಿಸುತ್ತದೆ ಎಂಬುದೇ ಆ ನಂಬಿಕೆ. ಮಾರುವವರು ಇದನ್ನು ಅಲ್ಲಗಳೆಯುವುದಿಲ್ಲ. ಅವರಿಂದ ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಆದರೆ ಇದು ಲೆಕ್ಕದ ಮುಂದೆ ನಿಲ್ಲುವ ನಂಬಿಕೆಯಲ್ಲವೆಂದು ನಮ್ಮ ಅಭಿಪ್ರಾಯ. ಕಲಿಯಲು ಹೊರಟವರಿಗೆ ಅಗ್ಗದ ಯಂತ್ರ ಧಾರಾಳವಾಗಿ ಸಾಕು. ಮೊದಮೊದಲಿಗಂತೂ ಯಾವ ಯಂತ್ರವನ್ನೂ ಕೊಳ್ಳದಿರುವುದೇ ಲೇಸು. ಹೀಗೆ ಹೇಳಲು ಕಾರಣವೇನೆಂಬುದನ್ನು ವಾಚಕರ ಮುಂದಿಡುತ್ತೇವೆ.

ಆಟವಾದರೋ ಬಹಳ ಸರಳವಾದುದು. ಒಬ್ಬರು ನೀರು ಹೋಗದಂತಹ ಒಂದು ಡಬ್ಬಿಯಲ್ಲಿ ಸಣ್ಣದೊಂದು ಪುಸ್ತಕವನ್ನಿಟ್ಟು, ಆ ಡಬ್ಬಿಯನ್ನು ಬಯಲಿನಲ್ಲೋ ಗುಡ್ಡದಲ್ಲೋ ಬಚ್ಚಿಡುತ್ತಾರೆ. ಅದಿರುವ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ಪ್ರಕಟಪಡಿಸುತ್ತಾರೆ. ಬೇರೊಬ್ಬರು ಆ ಅಂಕಿಗಳ ಆಧಾರದಿಂದ ಅಲ್ಲಿಗೆ ಹೋಗಿ, ಹುಡುಕಿ, ಪುಸ್ತಕದಲ್ಲಿ ತಮ್ಮ ಹೆಸರನ್ನು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಮರಳುತ್ತಾರೆ. ನಮ್ಮ ಮಕ್ಕಳ ಕಣ್ಣಾಮುಚ್ಚಾಲೆಗೆ ಉಪಗ್ರಹಗಳ ನೆರವು ದೊರೆತರೆ ಹೇಗಿದ್ದೀತೋ ಹಾಗೆ.

ಈ ಆಟ ಹುಟ್ಟಿದ ದಿನವನ್ನು ಖಚಿತವಾಗಿ ಹೇಳಬಹುದು. ಜಿಪಿಎಸ್ ವ್ಯವಸ್ಥೆಯು ಅಮೆರಿಕದ ಸೈನ್ಯಕ್ಕಾಗಿ ರಚಿತವಾದುದು. ಜನಸಾಮಾನ್ಯರಿಗೆ ದೊರೆಯುತ್ತಿದ್ದ ಸಂಕೇತಗಳಲ್ಲಿ ಅಲ್ಲಿನ ಸರ್ಕಾರವು ಬೇಕೆಂದೇ ಒಂದಿಷ್ಟು ದೋಷವನ್ನು ಬೆರೆಸುತ್ತಿದ್ದಿತು. ಅದರಿಂದಾಗಿ ಸ್ಥಳನಿರ್ಣಯದಲ್ಲಿ ಸುಮಾರು ೧೦೦ ಮೀಟರಿನವರೆಗೆ ತಪ್ಪು ಬರುತ್ತಿದ್ದಿತು. ೧೦೦ ಮೀಟರು ತ್ರಿಜ್ಯದ ವೃತ್ತವೆಂದರೆ ಏಳೂಮುಕ್ಕಾಲು ಎಕರೆ ಜಮೀನು! ಅಷ್ಟರಲ್ಲಿ ಒಂದು ಡಬ್ಬಿಯನ್ನು ಹುಡುಕುವುದು ಆಗುವ ಮಾತಲ್ಲ. ೨೦೦೦ದ ಮೇ ೧ರಂದು ಅಧ್ಯಕ್ಷ ಕ್ಲಿಂಟನ್ನರು ಈ ಪದ್ಧತಿಯನ್ನು ನಿಲ್ಲಿಸುವುದಾಗಿ ಸಾರಿದರು. ಅದೇ ನಡುರಾತ್ರಿ ಅದು ನಿಂತುಹೋಯಿತು. ತಪ್ಪು ಒಮ್ಮೆಗೇ ಹತ್ತರಲ್ಲೊಂದು ಪಾಲಿನಷ್ಟಕ್ಕೆ ಇಳಿಯಿತು. ಮೇ ೩ರಂದು ಡೇವ್ ಅಲ್ಮರ್ ಎಂಬವರು ಆರೆಗನ್ ಸಂಸ್ಥಾನದ ಬೀವರ್‌ಕ್ರೀಕ್ ಎಂಬ ಊರಿನ ಬಳಿ ಒಂದು ಬಕೀಟನ್ನು ಅಡಗಿಸಿಟ್ಟು, ಅದರ ನೆಲೆಯನ್ನು ಇಂಟರ್ನೆಟ್ಟಿನ ಮೂಲಕ ಪ್ರಕಟಿಸಿದರು. ಅದರೊಳಗೆ ಬರೆಯುವ ಪುಸ್ತಕ ಪೆನ್ಸಿಲುಗಳ ಜೊತೆಗೆ ಕೆಲವು ಸಾಮಾನುಗಳೂ ಒಂದು ಡಬ್ಬಿ ಹುರುಳಿಕಾಯಿ ಬೀಜವೂ ಇದ್ದವು. ಮೂರು ದಿನಗಳೊಳಗೆ ಇಬ್ಬರು ಅದನ್ನು ಕಂಡುಹಿಡಿದರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಏಪ್ರಿಲಿನಲ್ಲಿ ಅಸಾಧ್ಯವಾಗಿದ್ದ ಆಟ ಮೇ ತಿಂಗಳಿನಲ್ಲಿ ಸಾಧ್ಯವಾದುದು ಹೊಸ ಯಂತ್ರಗಳು ಬಂದುದರಿಂದಲ್ಲ. ಯಂತ್ರಗಳು ಹಿಂದಿನವೇ. ಬದಲಾದುದು ಅವುಗಳಿಗೆ ತಲುಪುತ್ತಿದ್ದ ಸಂಕೇತದ ದೋಷದ ಪ್ರಮಾಣ. ದೋಷವೆಷ್ಟು, ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಅರಿತವರಿಗೆ ಯಂತ್ರವನ್ನು ಆರಿಸುವುದು ಕಷ್ಟವಾಗದು.

ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ, ದಿನಕ್ಕೆರಡು ಬಾರಿಯಂತೆ ಭೂಮಿಯನ್ನು ಸುತ್ತುತ್ತಿರುತ್ತವೆ. ಪ್ರತಿಯೊಂದರಲ್ಲಿಯೂ ಪರಮಾಣು ಗಡಿಯಾರಗಳುಂಟು. ಉಪಗ್ರಹವು "ನಾನು ಇಂತಹ ಕಡೆ ಇದ್ದೇನೆ, ಈಗ ಇಷ್ಟು ಹೊತ್ತು" ಎಂದು ಎಡೆಬಿಡದೆ ರೇಡಿಯೋ ಮೂಲಕ ಸಾರುತ್ತಿರುತ್ತದೆ. ನೆತ್ತಿಯ ಮೇಲಿರುವ ಉಪಗ್ರಹದ ಸಂಕೇತ ನಮ್ಮನ್ನು ಮುಟ್ಟಲು ಒಂದು ಸೆಕೆಂಡಿನ ಹದಿನೈದರಲ್ಲೊಂದು ಭಾಗದಷ್ಟು ಕಾಲ ಸಾಕು. ಸಂಕೇತ ಹೊರಟ ವೇಳೆಗೂ ಬಂದು ಮುಟ್ಟಿದ ವೇಳೆಗೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ತಿಳಿಯುತ್ತದೆ. ಮೂರು ಉಪಗ್ರಹಗಳ ದೂರದಿಂದ ನಮ್ಮ ನೆಲೆಯನ್ನು ನಿರ್ಧರಿಸಬಹುದು. ಆದರೆ ನಮ್ಮ ಕೈಯಲ್ಲಿರುವುದು ಪರಮಾಣು ಗಡಿಯಾರವಲ್ಲ, ಸಾಧಾರಣ ಗಡಿಯಾರ; ಅದರ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿ ನಾಲ್ಕನೆಯ ಉಪಗ್ರಹವೊಂದು ಬೇಕಾಗುತ್ತದೆ.

ವೇಳೆಯಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ತಪ್ಪಿದರೆ ದೂರದಲ್ಲಿ ೩೦೦ ಮೀಟರು ತಪ್ಪುತ್ತದೆ. ಐನ್‌ಸ್ಟೈನರ ಸಾಪೇಕ್ಷತಾವಾದದಂತೆ ಉಪಗ್ರಹದ ಗಡಿಯಾರವು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು ೩೮ ಮೈಕ್ರೋಸೆಕೆಂಡುಗಳಷ್ಟು ಮುಂದೋಡುತ್ತದೆ. ಅದನ್ನು ಸರಿಪಡಿಸದೆ ಬಿಟ್ಟರೆ ದೂರದ ಎಣಿಕೆಯಲ್ಲಿ ದಿನಕ್ಕೆ ೧೧ ಕಿಲೋಮೀಟರಿಗೂ ಮೀರಿದ ತಪ್ಪು ಕೂಡುತ್ತ ಹೋಗುತ್ತಿದ್ದಿತು. ಇಂತಹ ಸೂಕ್ಷ್ಮವಾದ ತಿದ್ದುಪಡಿಗಳೆಲ್ಲ ವ್ಯವಸ್ಥೆಯೊಳಗೇ ನಡೆದುಹೋಗಿರುತ್ತವೆ. ಅಗ್ಗದ ಯಂತ್ರಕ್ಕೂ ದುಬಾರಿಯ ಯಂತ್ರಕ್ಕೂ ಅವು ಸಮನಾಗಿ ಸಲ್ಲುತ್ತವೆ.

ಹಾಗಾದರೆ ಉಳಿಯುವ ದೋಷ ಯಾವುದು? ಒಂದು, ಮೇಲಿನ ಅಯಾನುಗೋಲದಲ್ಲಿ ಸಂಕೇತವು ಸ್ವಲ್ಪ ತಡೆಯುತ್ತದೆ. ಎರಡು, ಬಂಡೆ ಗೋಡೆ ಕಟ್ಟಡಗಳಿಗೆ ಬಡಿದು ಹಿಂದಿರುಗಿದ ಸಂಕೇತವು ಸುತ್ತುದಾರಿಯಲ್ಲಿ ಬಂದುದರಿಂದ ದೂರವನ್ನು ಹೆಚ್ಚಾಗಿ ತೋರಿಸುತ್ತದೆ. ಮೂರು, ಉಪಗ್ರಹಗಳೆಲ್ಲ ಆಕಾಶದ ಒಂದೇ ಮೂಲೆಯಲ್ಲಿ ಗುಂಪುಗೂಡಿದ್ದರೆ ಲೆಕ್ಕ ಸಡಿಲವಾಗುತ್ತದೆ. ದಟ್ಟವಾದ ಮರಗಳ ಕೆಳಗೆ, ಆಳವಾದ ಕಣಿವೆಯಲ್ಲಿ ಈ ದೋಷಗಳು ಬೆಳೆಯುತ್ತವೆ. ತೆರೆದ ಬಯಲಿನಲ್ಲಿ ಕುಗ್ಗುತ್ತವೆ. ತೆರೆದ ಆಕಾಶದ ಕೆಳಗೆ ಸಾಧಾರಣ ಮೊಬೈಲ್ ಫೋನು ಕೂಡ ೪.೯ ಮೀಟರು ತ್ರಿಜ್ಯದೊಳಗೆ ನೆಲೆಯನ್ನು ತೋರಿಸುವುದೆಂದು ಜಿಪಿಎಸ್ ಬಗ್ಗೆ ಅಮೆರಿಕದ ಸರ್ಕಾರವು ಪ್ರಕಟಿಸಿರುವ ಮಾಹಿತಿ ತಿಳಿಸುತ್ತದೆ. ಲೆಕ್ಕದ ಸೌಕರ್ಯಕ್ಕಾಗಿ ಇದನ್ನು ೫ ಮೀಟರು ಎಂದುಕೊಳ್ಳೋಣ.

ಈಗ ನಮ್ಮ ವಾದದ ತಿರುಳಿಗೆ ಬರುತ್ತೇವೆ. ಡಬ್ಬಿಯನ್ನು ಹುಡುಕುವವರಿಗೆ ಎದುರಾಗುವ ತಪ್ಪು ಒಂದಲ್ಲ, ಎರಡು. ಬಚ್ಚಿಟ್ಟವರು ಆ ಸ್ಥಳವನ್ನು ಅಳೆದಾಗ ಅವರ ಯಂತ್ರ ಮಾಡಿದ ತಪ್ಪು ಒಂದು. ಹುಡುಕುವಾಗ ನಮ್ಮ ಯಂತ್ರ ಮಾಡುವ ತಪ್ಪು ಇನ್ನೊಂದು. ಇವೆರಡಕ್ಕೂ ಪರಸ್ಪರ ಸಂಬಂಧವಿಲ್ಲ. ಇಂತಹ ಸ್ವತಂತ್ರವಾದ ಎರಡು ತಪ್ಪುಗಳನ್ನು ನೇರವಾಗಿ ಕೂಡಿಸುವುದಿಲ್ಲ. ಲಂಬಕೋನ ತ್ರಿಭುಜದ ಎರಡು ಬಾಹುಗಳಂತೆ ಅವುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲವನ್ನು ತೆಗೆಯುತ್ತೇವೆ. ಇಬ್ಬರ ತಪ್ಪೂ ೫ ಮೀಟರು ಆಗಿದ್ದರೆ ೨೫ಕ್ಕೆ ೨೫ ಸೇರಿ ೫೦. ಅದರ ವರ್ಗಮೂಲ ಸುಮಾರು ೭. ಅಂದರೆ ನಾವು ಹುಡುಕಬೇಕಾದುದು ೭ ಮೀಟರು ತ್ರಿಜ್ಯದ ವೃತ್ತದಲ್ಲಿ.

ನಾವು ಹೆಚ್ಚು ಹಣ ಕೊಟ್ಟು ೩ ಮೀಟರಿಗಿಂತ ಹೆಚ್ಚು ತಪ್ಪದ ಯಂತ್ರವನ್ನು ತಂದೆವೆಂದು ಊಹಿಸಿಕೊಳ್ಳಿ. ೨೫ಕ್ಕೆ ೯ ಸೇರಿ ೩೪, ವರ್ಗಮೂಲ ೫.೮. ಉಳಿತಾಯವಾದುದು ಒಂದೂಕಾಲು ಮೀಟರು, ಎರಡು ಹೆಜ್ಜೆಯೂ ಅಲ್ಲ. ಇನ್ನೂ ಮುಂದೆ ಹೋಗಿ, ಎಂದಿಗೂ ತಪ್ಪದ ಯಂತ್ರವೇ ನಮಗೆ ದೊರೆಯಿತೆನ್ನಿ. ಆಗಲೂ ಬಚ್ಚಿಟ್ಟವರ ೫ ಮೀಟರು ಹಾಗೆಯೇ ಉಳಿಯುತ್ತದೆ. ಬೇರೊಬ್ಬರು ಎಂದೋ ಮಾಡಿಟ್ಟ ತಪ್ಪನ್ನು ನಮ್ಮ ಹಣದಿಂದ ತಿದ್ದಲಾಗದು.

ಗಣಿತವನ್ನು ಬಲ್ಲ ವಿದ್ಯಾರ್ಥಿಗಳು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಅದು ನ್ಯಾಯವಾದ ಆಕ್ಷೇಪ. ತ್ರಿಜ್ಯವು ೭ರಿಂದ ೫ಕ್ಕೆ ಇಳಿದರೆ ಕ್ಷೇತ್ರಫಲವು ಅರ್ಧವಾಗುತ್ತದೆ: ಒಂದೂವರೆ ಗುಂಟೆ ಇದ್ದುದು ಮುಕ್ಕಾಲು ಗುಂಟೆಯಾಗುತ್ತದೆ. ಇದೇನು ಸಣ್ಣ ಲಾಭವೆ? ಆದರೆ ಹುಡುಕುವವರು ನೆಲವನ್ನು ಅಂಗುಲ ಅಂಗುಲವಾಗಿ ಶೋಧಿಸುವುದಿಲ್ಲವೆಂಬುದನ್ನು ನೆನಪಿಡಬೇಕು. ಒಂದೂವರೆ ಗುಂಟೆಯಲ್ಲಿ ಡಬ್ಬಿಯನ್ನು ಅಡಗಿಸಲು ತಕ್ಕ ಎಡೆಗಳೆಷ್ಟಿದ್ದಾವು? ಒಂದು ಮರದ ಪೊಟರೆ, ಒಂದು ಬಿರುಕುಬಿಟ್ಟ ಗೋಡೆ, ನಾಲ್ಕಾರು ಕಲ್ಲುಗಳ ಸಂದು. ಕೊನೆಯ ಏಳು ಮೀಟರಿನಲ್ಲಿ ಯಂತ್ರವನ್ನು ಜೇಬಿಗೆ ಸೇರಿಸಿ ಕಣ್ಣನ್ನು ಬಳಸುವುದೇ ಈ ಆಟದ ನಿಯಮ. ಅಲ್ಲಿಯೂ ತೆರೆಯನ್ನೇ ದಿಟ್ಟಿಸುತ್ತ ಬಾಣದ ಗುರುತನ್ನು ಹಿಂಬಾಲಿಸಿ ಸುತ್ತುತ್ತಿರುವವರಿಗೆ ಯಾವ ಬೆಲೆಯ ಯಂತ್ರವೂ ನೆರವಾಗದು.

ಅಂಕಿಗಳ ಬಗೆಗೂ ಒಂದು ಮಾತು. ಈ ಆಟದಲ್ಲಿ ಸ್ಥಳವನ್ನು ಡಿಗ್ರಿ ಮತ್ತು ಮಿನಿಟುಗಳಲ್ಲಿ, ಮಿನಿಟನ್ನು ಮೂರು ದಶಮಾಂಶ ಸ್ಥಾನಗಳವರೆಗೆ ಬರೆಯುವುದು ವಾಡಿಕೆ. ಅಕ್ಷಾಂಶದ ಒಂದು ಮಿನಿಟು ಒಂದು ನಾವಿಕ ಮೈಲಿ, ಎಂದರೆ ೧,೮೫೨ ಮೀಟರು. ಆದುದರಿಂದ ಕೊನೆಯ ಅಂಕಿಯ ಬೆಲೆ ಸುಮಾರು ೧.೮೫ ಮೀಟರು. ರೇಖಾಂಶದಲ್ಲಿ ಅದೇ ಅಂಕಿಯ ಬೆಲೆ ಬೆಂಗಳೂರಿನಲ್ಲಿ ೧.೮೦ ಮೀಟರು, ರೇಖಾಂಶಗಳು ಧ್ರುವದ ಕಡೆಗೆ ಕೂಡುತ್ತ ಹೋಗುವುದರಿಂದ ಆರೆಗನ್ನಿನಲ್ಲಿ ೧.೩೦ ಮೀಟರು. ಪ್ರಕಟವಾದ ಅಂಕಿಯೇ ಇಷ್ಟು ದಪ್ಪವಾಗಿರುವಾಗ ಸೆಂಟಿಮೀಟರುಗಳ ಮಾತು ಆಡುವುದರಲ್ಲಿ ಅರ್ಥವಿಲ್ಲ.

ಹೆಚ್ಚಿನ ಬೆಲೆಗೆ ದೊರೆಯುವುದಾದರೂ ಏನು? ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ೨೦೨೩ರಲ್ಲಿ ಗಾರ್ಮಿನ್ ಕಂಪನಿಯು ಅಮೆರಿಕದಲ್ಲಿ ಎರಡು ಬಗೆಯ ಕೈಯಂತ್ರಗಳನ್ನು ಮಾರಾಟಕ್ಕೆ ತಂದಿತು. ಇಟ್ರೆಕ್ಸ್ ಎಸ್‌ಇ ಎಂಬುದರ ಆರಂಭದ ಬೆಲೆ ೧೫೦ ಡಾಲರು; ಜಿಪಿಎಸ್‌ಮ್ಯಾಪ್ ೬೭ ಎಂಬುದರದು ೫೦೦ ಡಾಲರು. ಮೊದಲನೆಯದರ ತೆರೆ ಚಿಕ್ಕದು, ಕಪ್ಪು ಬಿಳುಪಿನದು; ಎರಡು ಸಾಧಾರಣ ಸೆಲ್ಲುಗಳಿಂದ ನಡೆಯುತ್ತದೆ. ಎರಡನೆಯದರ ತೆರೆ ದೊಡ್ಡದು, ಬಣ್ಣದ್ದು. ಅದರಲ್ಲಿ ಭೂಪಟವುಂಟು, ವಾಯುಭಾರಮಾಪಕವುಂಟು. ಎರಡು ಬೇರೆ ಬೇರೆ ಆವರ್ತಾಂಕಗಳ ಸಂಕೇತವನ್ನು ಹಿಡಿಯುವ ಶಕ್ತಿಯೂ ಅದಕ್ಕುಂಟು. ಈ ಕೊನೆಯ ಗುಣ ನಿಜವಾಗಿಯೂ ಮೆಚ್ಚತಕ್ಕದ್ದು. ಅಯಾನುಗೋಲದಲ್ಲಿ ಆಗುವ ತಡೆಯು ಆವರ್ತಾಂಕವನ್ನು ಅವಲಂಬಿಸಿರುವುದರಿಂದ, ಎರಡು ಆವರ್ತಾಂಕಗಳನ್ನು ಹೋಲಿಸಿ ಆ ತಡೆಯನ್ನು ಕಳೆದುಹಾಕಬಹುದು. ಕಾಡು ಸುತ್ತುವ ಸಂಶೋಧಕರಿಗೂ ಪರ್ವತಾರೋಹಿಗಳಿಗೂ ಇದು ಬೇಕಾದುದೇ. ಆದರೆ ಮೇಲಿನ ಲೆಕ್ಕವನ್ನು ಮರೆಯದಿರೋಣ: ಹೊಸಬರ ಪಾಲಿಗೆ ಅದು ತಂದುಕೊಡುವುದು ಒಂದೆರಡು ಮೀಟರು, ತೆಗೆದುಕೊಳ್ಳುವುದು ಮೂರು ಪಟ್ಟಿಗೂ ಮೀರಿದ ಹಣ.

ರಷ್ಯದ ಗ್ಲೊನಾಸ್, ಯೂರೋಪಿನ ಗೆಲಿಲಿಯೊ, ಚೀನದ ಬೈಡೂ ಮೊದಲಾದ ಬೇರೆ ವ್ಯವಸ್ಥೆಗಳ ಉಪಗ್ರಹಗಳನ್ನೂ ಬಳಸುವ ಯಂತ್ರವೆಂದು ಜಾಹೀರಾತುಗಳು ಹೇಳುವುದುಂಟು. ಹೆಚ್ಚು ಉಪಗ್ರಹಗಳು ಕಂಡರೆ ಮರಗಳ ನಡುವೆಯೂ ಕಟ್ಟಡಗಳ ನಡುವೆಯೂ ಅನುಕೂಲವಾಗುವುದು ನಿಜ. ಈಚಿನ ಅಗ್ಗದ ಯಂತ್ರಗಳಲ್ಲಿಯೂ ಈ ಸೌಕರ್ಯ ಇರುವುದರಿಂದ ಅದಕ್ಕಾಗಿ ಪ್ರತ್ಯೇಕವಾಗಿ ಹಣ ತೆರಬೇಕಾದುದಿಲ್ಲ.

ಇನ್ನೊಂದು ಬಗೆಯ ದುಬಾರಿ ಯಂತ್ರದ ವಿಷಯದಲ್ಲಿ ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕೆಲವು ಕೈಯಂತ್ರಗಳು ಉಪಗ್ರಹದ ಮೂಲಕ ಸಂದೇಶವನ್ನು ಕಳುಹಿಸಬಲ್ಲವು. ಸಾಮಾನ್ಯ ಜಿಪಿಎಸ್ ಯಂತ್ರವು ರೇಡಿಯೋ ಪೆಟ್ಟಿಗೆಯಂತೆ ಆಲಿಸುತ್ತದೆಯೇ ಹೊರತು ಉಪಗ್ರಹಕ್ಕೆ ಏನನ್ನೂ ಕಳುಹಿಸುವುದಿಲ್ಲ. ಸಂದೇಶ ಕಳುಹಿಸುವ ಯಂತ್ರದ ಬಗೆ ಬೇರೆ. ನಮ್ಮ ದೇಶದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಅಂತಹುದನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಹೊರದೇಶದಲ್ಲಿರುವ ಬಂಧುಗಳು ಪ್ರೀತಿಯಿಂದ ತಂದುಕೊಟ್ಟರೂ ವಿಮಾನ ನಿಲ್ದಾಣದಲ್ಲಿ ತೊಂದರೆ ತಪ್ಪಿದ್ದಲ್ಲ.

ಆದುದರಿಂದ ನಮ್ಮ ಮೊದಲ ಸಲಹೆ ಇಷ್ಟೇ: ಮನೆಯಲ್ಲಿ ಈಗಾಗಲೇ ಇರುವ ಮೊಬೈಲ್ ಫೋನಿನಿಂದ ಆಟವನ್ನು ಆರಂಭಿಸಿ. ನೆಟ್‌ವರ್ಕ್ ಇಲ್ಲದೆಡೆ ಫೋನಿನ ಜಿಪಿಎಸ್ ಕೆಲಸ ಮಾಡುವುದಿಲ್ಲವೆಂದು ಹಲವರು ತಿಳಿದಿದ್ದಾರೆ. ಇದು ತಪ್ಪು ತಿಳಿವಳಿಕೆ. ನೆಟ್‌ವರ್ಕ್ ಇದ್ದರೆ ಉಪಗ್ರಹಗಳ ಪಟ್ಟಿ ಬೇಗನೆ ದೊರೆತು ನೆಲೆ ಬೇಗನೆ ತಿಳಿಯುತ್ತದೆ. ಇಲ್ಲವಾದರೆ ಆ ವಿವರಗಳನ್ನು ಉಪಗ್ರಹದಿಂದಲೇ ಪಡೆಯಬೇಕಾಗುತ್ತದೆ, ಅಷ್ಟೇ. ಉಪಗ್ರಹವು ತನ್ನ ವಿವರಗಳನ್ನು ಸೆಕೆಂಡಿಗೆ ೫೦ ಬಿಟ್ಟುಗಳಂತೆ ಬಹಳ ನಿಧಾನವಾಗಿ ಕಳುಹಿಸುತ್ತದೆ. ಅದರ ಸ್ವಂತ ನೆಲೆಯ ವಿವರಕ್ಕೆ ಅರ್ಧ ಮಿನಿಟು ಬೇಕು. ಎಲ್ಲ ಉಪಗ್ರಹಗಳ ಪಂಚಾಂಗಕ್ಕೆ ಹನ್ನೆರಡೂವರೆ ಮಿನಿಟು. ಹೊಸದಾಗಿ ತಂದ ಕೈಯಂತ್ರವನ್ನು ಬಯಲಿನಲ್ಲಿ ಕಾಲು ಗಂಟೆ ಸುಮ್ಮನೆ ಇಟ್ಟಿರಬೇಕೆಂದು ಹೇಳುವುದು ಈ ಕಾರಣದಿಂದಲೇ. ಈ ಕಾರಣವನ್ನು ಅರಿಯದೆ, ಯಂತ್ರ ಕೆಟ್ಟಿದೆಯೆಂದು ಅಂಗಡಿಗೆ ಮರಳಿಸಹೊರಟರೆ ನಗೆಪಾಟಲಾದೀತು.

ಫೋನಿನಿಂದ ಹತ್ತು ಡಬ್ಬಿಗಳನ್ನು ಕಂಡುಹಿಡಿದ ಬಳಿಕವೂ ಉತ್ಸಾಹ ಉಳಿದಿದ್ದರೆ, ಆಗ ಕೈಯಂತ್ರದ ಯೋಚನೆಯನ್ನು ಮಾಡಬಹುದು. ಅದರ ಪ್ರಯೋಜನಗಳು ನಿಜವಾದವೇ. ಮಳೆಯಲ್ಲಿ ನೆನೆದ ಬೆರಳಿಗೆ ಫೋನಿನ ತೆರೆ ಓಗೊಡುವುದಿಲ್ಲ. ಗುಂಡಿಗಳುಳ್ಳ ಯಂತ್ರ ಓಗೊಡುತ್ತದೆ. ಬಂಡೆಯ ಮೇಲೆ ಬಿದ್ದ ಫೋನಿನೊಡನೆ ಮನೆಯವರ ಕೋಪವನ್ನೂ ಎದುರಿಸಬೇಕು. ನಡುಹಗಲಿನ ಬಿಸಿಲಿನಲ್ಲಿ ಕಪ್ಪು ಬಿಳುಪಿನ ತೆರೆಯೇ ಚೆನ್ನಾಗಿ ಕಾಣುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕಾಡಿನ ಹಾದಿಯಲ್ಲಿ ಫೋನಿನ ಶಕ್ತಿಯನ್ನೆಲ್ಲ ದಾರಿ ನೋಡುವುದರಲ್ಲಿಯೇ ಮುಗಿಸಿಬಿಟ್ಟರೆ, ಆಪತ್ತಿನಲ್ಲಿ ಯಾರನ್ನಾದರೂ ಕರೆಯುವುದಕ್ಕೆ ಏನೂ ಉಳಿಯದು.

ಕೊಳ್ಳುವಾಗ ನೋಡಬೇಕಾದ ಅಂಶಗಳು ನಾಲ್ಕು. ಮೊದಲನೆಯದು ಸೆಲ್ಲು: ಅಂಗಡಿಯಲ್ಲಿ ಪೆನ್ಸಿಲ್ ಸೆಲ್ಲು ಎಂದು ಕೇಳಿದರೆ ಕೊಡುವ ಎಎ ಅಳತೆಯ ಸೆಲ್ಲಿನಿಂದ ನಡೆಯುವ ಯಂತ್ರವಾದರೆ ಹಳ್ಳಿಯ ಅಂಗಡಿಯಲ್ಲಿಯೂ ಅದಕ್ಕೆ ಆಹಾರ ದೊರೆಯುತ್ತದೆ. ಮತ್ತೆ ಮತ್ತೆ ಚಾರ್ಜು ಮಾಡುವ ಸೆಲ್ಲುಗಳನ್ನು ಹಾಕಿದರೆ ಖರ್ಚು ಇನ್ನೂ ಇಳಿಯುತ್ತದೆ. ಅವುಗಳ ವೋಲ್ಟೇಜು ೧.೨ ಆಗಿರುವುದರಿಂದ ಯಂತ್ರದಲ್ಲಿ ಸೆಲ್ಲಿನ ಜಾತಿಯನ್ನು ಬದಲಿಸಬೇಕು. ಎರಡನೆಯದು ನೀರಿನಿಂದ ರಕ್ಷಣೆ: ಐಪಿಎಕ್ಸ್ ೭ ಎಂಬ ಗುರುತಿದ್ದರೆ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ತಾಳುವುದೆಂದು ಅರ್ಥ, ಮಲೆನಾಡಿನ ಮಳೆಗೆ ಅದು ಸಾಕು. ಮೂರನೆಯದು ಗುಂಡಿಗಳು. ನಾಲ್ಕನೆಯದು, ಅಕ್ಷಾಂಶ ರೇಖಾಂಶಗಳನ್ನು ಕೈಯಿಂದಲಾಗಲಿ ಫೋನಿನ ಅಥವಾ ಕಂಪ್ಯೂಟರಿನ ಮೂಲಕವಾಗಲಿ ಸುಲಭವಾಗಿ ತುಂಬುವ ಸೌಕರ್ಯ. ಈ ನಾಲ್ಕು ಇದ್ದರೆ ಉಳಿದುದೆಲ್ಲ ಅಲಂಕಾರ.

ಬಳಸಿದ ಹಳೆಯ ಯಂತ್ರ ಅಗ್ಗವಾಗಿ ಸಿಕ್ಕರೆ ಕೊಳ್ಳಬಹುದೆ? ಕೊಳ್ಳಬಹುದು, ಆದರೆ ಒಂದು ಪರೀಕ್ಷೆಯನ್ನು ಮಾಡಬೇಕು. ಜಿಪಿಎಸ್ ಸಂಕೇತದಲ್ಲಿ ವಾರಗಳನ್ನು ಎಣಿಸುವ ಸಂಖ್ಯೆಗೆ ಮೊದಲಿನಿಂದ ಹತ್ತು ಬಿಟ್ಟುಗಳ ಜಾಗ ಮಾತ್ರ ಇದ್ದಿತು. ೧,೦೨೪ ವಾರಗಳಾದ ಮೇಲೆ ಎಣಿಕೆ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ೧೯೯೯ರ ಆಗಸ್ಟಿನಲ್ಲಿಯೂ ೨೦೧೯ರ ಏಪ್ರಿಲಿನಲ್ಲಿಯೂ ಹೀಗೆ ಆಯಿತು. ಇದಕ್ಕೆ ಸಿದ್ಧವಾಗಿರದ ಹಳೆಯ ಯಂತ್ರಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖನ್ನು ತೋರಿಸಬಹುದು. ಆದುದರಿಂದ ಹಣ ಕೊಡುವ ಮುನ್ನ ಬಯಲಿನಲ್ಲಿ ನಿಂತು ತಾರೀಖು ಸರಿಯಾಗಿದೆಯೆ ಎಂದು ನೋಡಿ. ಆಮೇಲೆ ಒಂದು ದೊಡ್ಡ ಮರದ ಕೆಳಗೆ ನಿಂತು ಸಂಕೇತ ಉಳಿಯುವುದೆ ಎಂದು ನೋಡಿ. ಬಹಳ ಹಳೆಯ ಯಂತ್ರಗಳು ಎಲೆಗಳ ಮರೆಯಲ್ಲಿ ಕುರುಡಾಗುತ್ತವೆ.

ಯಂತ್ರ ಯಾವುದೇ ಆದರೂ ಅದನ್ನು ಸರಿಯಾಗಿ ಹೊಂದಿಸದೆ ಹೋದರೆ ಬರುವ ತಪ್ಪಿನ ಮುಂದೆ ಮೇಲೆ ಹೇಳಿದ ಐದು ಮೀಟರು ಏನೂ ಅಲ್ಲ. ಭೂಮಿಯ ಆಕಾರವನ್ನು ಗಣಿತದಲ್ಲಿ ಹಿಡಿದಿಡುವ ಮಾದರಿಗಳು ಹಲವಾರುಂಟು. ಈ ಆಟದಲ್ಲಿ ಬಳಸುವುದು ಡಬ್ಲ್ಯೂಜಿಎಸ್ ೮೪ ಎಂಬುದನ್ನು. ನಮ್ಮ ಹಳೆಯ ಸರ್ವೇ ನಕ್ಷೆಗಳಾದರೋ ೧೮೩೦ರ ಎವರೆಸ್ಟ್ ಮಾದರಿಯನ್ನು ಅನುಸರಿಸಿದವು. ಒಂದರ ಅಂಕಿಗಳನ್ನು ಇನ್ನೊಂದರಲ್ಲಿ ಓದಿದರೆ ಕರ್ನಾಟಕದಲ್ಲಿ ನೂರು ಮೀಟರಿಗೂ ಹೆಚ್ಚು ಅಂತರ ಬೀಳುತ್ತದೆ. ಐನೂರು ಡಾಲರಿನ ಯಂತ್ರದಲ್ಲಿಯೂ ಈ ತಪ್ಪು ಆಗಬಹುದು. ತಿಳಿದವರು ಹಿಡಿದ ಅಗ್ಗದ ಯಂತ್ರದಲ್ಲಿ ಆಗದು.

ಆ ಹಳೆಯ ಸರ್ವೇಯ ಇತಿಹಾಸದಲ್ಲಿಯೇ ನಮಗೊಂದು ಪಾಠವುಂಟು. ವಿಲಿಯಂ ಲ್ಯಾಂಬ್ಟನ್ನನು ೧೮೦೨ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಏಳು ಮೈಲಿಗೂ ಮೀರಿದ ಆಧಾರರೇಖೆಯನ್ನು ಸರಪಳಿಯಿಂದ ಅಳೆದು ತನ್ನ ಮಹಾಕಾರ್ಯವನ್ನು ಆರಂಭಿಸಿದನು. ಅವನ ಥಿಯೊಡೊಲೈಟ್ ಅರ್ಧ ಟನ್ನು ತೂಗುತ್ತಿದ್ದಿತು. ತ್ರಿಭುಜಗಳ ಸಾಲು ಬೆಂಗಳೂರನ್ನು ಮುಟ್ಟಿದ ಮೇಲೆ, ೧೮೦೪ರಲ್ಲಿ ಇಲ್ಲಿ ಇನ್ನೊಂದು ಆಧಾರರೇಖೆಯನ್ನು ಸರಪಳಿಯಿಂದಲೇ ಅಳೆಸಿ, ಲೆಕ್ಕದಿಂದ ಬಂದ ಉದ್ದದೊಡನೆ ಹೋಲಿಸಿ ನೋಡಲಾಯಿತು. ವ್ಯತ್ಯಾಸ ಬಂದುದು ಕೆಲವೇ ಅಂಗುಲಗಳು. ಅಷ್ಟು ಬೆಲೆಬಾಳುವ ಉಪಕರಣ ಕೈಯಲ್ಲಿದ್ದರೂ ಅವನು ಅದನ್ನು ಸುಮ್ಮನೆ ನಂಬಲಿಲ್ಲ, ಪರೀಕ್ಷಿಸಿ ನಂಬಿದನು. ಈ ಅಭ್ಯಾಸವನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ.

ನಮ್ಮ ವಿದ್ಯಾರ್ಥಿಗಳೂ ಇದನ್ನು ಮಾಡಬಹುದು. ಶಾಲೆಯ ಮೈದಾನದಲ್ಲಿ ಒಂದು ಕಲ್ಲನ್ನು ಗುರುತು ಮಾಡಿಕೊಳ್ಳಿ. ಹತ್ತು ದಿನ, ದಿನಕ್ಕೆರಡು ಬಾರಿ, ಅದರ ಮೇಲೆ ಫೋನನ್ನೋ ಯಂತ್ರವನ್ನೋ ಇಟ್ಟು ಅಂಕಿಗಳನ್ನು ಬರೆದುಕೊಳ್ಳಿ. ಇಪ್ಪತ್ತು ಅಂಕಿಗಳನ್ನು ಗ್ರಾಫ್ ಕಾಗದದ ಮೇಲೆ ಚುಕ್ಕೆಗಳಾಗಿ ಗುರುತಿಸಿ, ಅವುಗಳ ಸರಾಸರಿಯನ್ನು ತೆಗೆಯಿರಿ. ಒಂದೇ ಕಲ್ಲಿಗೆ ಇಪ್ಪತ್ತು ನೆಲೆಗಳು! ಚುಕ್ಕೆಗಳಲ್ಲಿ ಹೆಚ್ಚಿನವು ಎಷ್ಟು ಮೀಟರಿನ ವೃತ್ತದೊಳಗೆ ಬೀಳುತ್ತವೆಯೋ ಅದೇ ನಿಮ್ಮ ಯಂತ್ರದ ಯೋಗ್ಯತೆ. ಬೆಳಗ್ಗೆ ಬಂದುದಕ್ಕೂ ಸೂರ್ಯ ಮುಳುಗಿದ ಬಳಿಕ ಬಂದುದಕ್ಕೂ ವ್ಯತ್ಯಾಸವಿದೆಯೆ ಎಂದು ನೋಡಿ. ದಕ್ಷಿಣ ಭಾರತವು ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವುದರಿಂದ ಇಲ್ಲಿನ ಅಯಾನುಗೋಲವು ಸಂಜೆಯ ಹೊತ್ತು ಕೆಲವೊಮ್ಮೆ ವಿಶೇಷವಾಗಿ ಕಲಕಿಹೋಗುತ್ತದೆ. ಇಂತಹ ದೋಷಗಳನ್ನು ತಿದ್ದುವುದಕ್ಕಾಗಿಯೇ ಇಸ್ರೊ ಸಂಸ್ಥೆಯೂ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವೂ ಕೂಡಿ ವಿಮಾನಗಳ ನೆರವಿಗಾಗಿ ಗಗನ್ ಎಂಬ ವ್ಯವಸ್ಥೆಯನ್ನು ಕಟ್ಟಿವೆ. ಅದರ ಮುಖ್ಯ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿದೆ. ಕಾಗದದ ಮೇಲಿನ ಇಪ್ಪತ್ತು ಚುಕ್ಕೆಗಳನ್ನು ಕಂಡವರಿಗೆ ಆ ವ್ಯವಸ್ಥೆ ಏಕೆ ಬೇಕಾಯಿತೆಂಬುದು ತಾನಾಗಿ ತಿಳಿಯುತ್ತದೆ.

ಯೂರೋಪು ಅಮೆರಿಕಗಳಲ್ಲಿರುವಷ್ಟು ದಟ್ಟವಾಗಿ ಇಂತಹ ಡಬ್ಬಿಗಳು ನಮ್ಮ ನಾಡಿನಲ್ಲಿಲ್ಲ. ಆದುದರಿಂದ ಇಲ್ಲಿನ ಆಟಗಾರರು ತಾವೇ ಬಚ್ಚಿಡಬೇಕಾದ ಸಂದರ್ಭವೂ ಬರುತ್ತದೆ. ಆಗ ಎರಡು ಹೊಣೆಗಳು ಮೈಮೇಲೆ ಬೀಳುತ್ತವೆ. ಸರಾಸರಿ ತೆಗೆದು ಅಂಕಿಗಳನ್ನು ಪ್ರಕಟಿಸುವುದು ಒಂದು. ನಮ್ಮ ಅಜಾಗರೂಕತೆಯು ಮುಂದೆ ಬರುವ ಪ್ರತಿಯೊಬ್ಬರ ಲೆಕ್ಕದಲ್ಲಿಯೂ ಸೇರುತ್ತದೆಯಷ್ಟೆ. ತಕ್ಕ ಸ್ಥಳವನ್ನು ಆರಿಸುವುದು ಇನ್ನೊಂದು. ರೈಲು ನಿಲ್ದಾಣ, ಅಣೆಕಟ್ಟು, ಸೈನ್ಯದ ಪ್ರದೇಶಗಳ ಬಳಿ ವಾರಸುದಾರರಿಲ್ಲದ ಡಬ್ಬಿ ಕಂಡರೆ ಪೊಲೀಸರು ಬರುವುದು ನ್ಯಾಯವೇ. ಸಂರಕ್ಷಿತ ಸ್ಮಾರಕಗಳ ಕಲ್ಲುಗಳನ್ನು ಮುಟ್ಟಬಾರದು. ಕಾಡಿಗೆ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಕಾಲಿಡಬಾರದು. ಡಬ್ಬಿಯನ್ನು ನೆಲದಲ್ಲಿ ಹೂಳಬಾರದು, ತಿನ್ನುವ ಪದಾರ್ಥವನ್ನು ಇಡಬಾರದು ಎಂಬುದು ಈಗ ಆಟದ ನಿಯಮಗಳಲ್ಲಿಯೇ ಉಂಟು. ಆರೆಗನ್ನಿನ ಆ ಮೊದಲ ಬಕೀಟು ಈ ನಿಯಮಗಳಂತೆ ಇಂದು ಅನರ್ಹವಾಗುತ್ತಿದ್ದಿತು!

ಕೊನೆಯದಾಗಿ, ಈ ಮಾತನ್ನು ನಾವು ಇಷ್ಟು ಒತ್ತಿ ಹೇಳುವುದೇಕೆ? ವಿದ್ಯಾರ್ಥಿಗಳು ಕೊಳ್ಳುವ ಯಂತ್ರಕ್ಕೆ ಹಣ ಬರುವುದು ಬಹುಮಟ್ಟಿಗೆ ತಂದೆತಾಯಿಗಳ ದುಡಿಮೆಯಿಂದ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಬಡತನದ ಸಮಾಧಾನವೆಂದು ಕೆಲವರು ತಿಳಿಯುತ್ತಾರೆ. ಇಲ್ಲಿ ಗಣಿತವೂ ಅದನ್ನೇ ಹೇಳುತ್ತದೆ. ದುಬಾರಿಯ ಯಂತ್ರವಿಲ್ಲದೆ ಈ ಆಟ ತಮಗಲ್ಲವೆಂದು ಹಳ್ಳಿಯ ಹುಡುಗನೋ ಹುಡುಗಿಯೋ ಹಿಂದೆ ಸರಿದರೆ ನಷ್ಟವಾಗುವುದು ಆಟಕ್ಕಷ್ಟೇ ಅಲ್ಲ. ಭೂಗೋಳ, ಗಣಿತ, ಭೌತವಿಜ್ಞಾನಗಳನ್ನು ಕಾಲಿನಿಂದ ನಡೆದು ಕಲಿಯುವ ಅವಕಾಶವೊಂದು ತಪ್ಪಿಹೋಗುತ್ತದೆ. ಶಾಲೆಯೊಂದು ಎರಡು ಅಗ್ಗದ ಕೈಯಂತ್ರಗಳನ್ನು ತಂದಿಟ್ಟು, ಪುಸ್ತಕಭಂಡಾರದ ಪುಸ್ತಕದಂತೆ ಸರದಿಯಲ್ಲಿ ಎರವಲು ಕೊಟ್ಟರೆ ಇಡೀ ತರಗತಿಗೆ ಸಾಕು. ತೆರೆಯ ಮೇಲೆ ಮೂಡಿದ ಅಂಕಿಯನ್ನು ಕಂಡೊಡನೆ "ಇದರಲ್ಲಿ ಎಷ್ಟು ತಪ್ಪಿರಬಹುದು?" ಎಂದು ಕೇಳಲು ಕಲಿತ ವಿದ್ಯಾರ್ಥಿಗಳ ಕೈಯಲ್ಲಿ ಆ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತದೆ.